ಫೋಟೋಗಾಗಿ ಒತ್ತಿದ ಸಿಲಿಂಡರ್

ಗೋಡೆಗೆ ನೇತುಹಾಕಿರುವ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಒಂದು ಸಲ ಒತ್ತಿದರೆ ಮುಗಿಯಿತು. ಒಳಗೆ ಅರ್ಧಕ್ಕಿಂತ ಹೆಚ್ಚು ಪುಡಿ ಉಳಿದಿದ್ದರೂ ಮುಗಿಯಿತು. ಬಾಯಲ್ಲಿ ಸಿಕ್ಕಿಕೊಂಡ ಪುಡಿ ಅದನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಒಳಗಿನ ಒತ್ತಡ ಸದ್ದಿಲ್ಲದೆ ಸೋರುತ್ತದೆ. ಒಂದೆರಡು ದಿನ ಕಳೆದರೆ ಅದು ಬರೀ ಕಬ್ಬಿಣದ ಡಬ್ಬ. ಇದೇನು ಗುಟ್ಟಿನ ವಿದ್ಯೆಯಲ್ಲ. ಬಳಸಿದ ಮೇಲೆ ಮತ್ತೆ ತುಂಬಿಸಿ ಎಂದು ಅದರ ಮೈಮೇಲೆ ಅಂಟಿಸಿದ ಚೀಟಿಯಲ್ಲೇ ಅಚ್ಚು ಹಾಕಿರುತ್ತಾರೆ. ನೀವು ಓದಿಲ್ಲ. ದಿನಾ ಅದರ ಪಕ್ಕದಲ್ಲೇ ಮೆಟ್ಟಿಲು ಹತ್ತುತ್ತೀರಿ, ಅದಕ್ಕೆ ಕೊಡೆ ನೇತುಹಾಕುತ್ತೀರಿ, ಆದರೆ ಓದಿಲ್ಲ.

ಹೋಗಲಿ, ನೀವು ಓದಿಲ್ಲ. ಓದಿದ್ದಷ್ಟೇ ಅಲ್ಲ, ಊರಿಗೆಲ್ಲ ಓದಿ ಹೇಳುತ್ತಿದ್ದ ಒಬ್ಬರಿದ್ದರು.

ಅವರನ್ನು ಎಲ್ಲರೂ ಬೆಂಕಿ ಮೇಷ್ಟ್ರು ಎನ್ನುತ್ತಿದ್ದರು. ಪಾಠಶಾಲೆಗೂ ಅವರಿಗೂ ಸಂಬಂಧವಿಲ್ಲ, ಅಗ್ನಿಶಾಮಕ ದಳಕ್ಕೂ ಇಲ್ಲ. ಸಿಲಿಂಡರುಗಳಿಗೆ ಪುಡಿ ತುಂಬಿಕೊಡುವ ಅಂಗಡಿ ಅವರದು. ಹತ್ತಡಿ ಅಗಲದ ಅಂಗಡಿ. ಮುಂದೆ ಒಂದು ಮೇಜು, ಹಿಂದೆ ಆಲಿಕೆ, ತಕ್ಕಡಿ, ಸಾಲಾಗಿ ನಿಂತ ಕೆಂಪು ಡಬ್ಬಗಳು. ಮೇಜಿನಲ್ಲಿ ಹೆಂಡತಿ ಕೂತು ಯಾವ ಕಟ್ಟಡದ ಸಿಲಿಂಡರ್ ಯಾವ ತಾರೀಖಿಗೆ ಬರಬೇಕು ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಪುಡಿಯ ನಡುವೆ ಕೆಲಸ ಮಾಡಿ ಮೇಷ್ಟ್ರ ಹುಬ್ಬು ಯಾವಾಗಲೂ ಬೆಳ್ಳಗೆ. "ಗಿರಣಿಯವನನ್ನ ಮದುವೆ ಆಗಿದ್ರೆ ಕಡೇಪಕ್ಷ ಮನೆಗೆ ಹಿಟ್ಟಾದ್ರೂ ಬರ್ತಿತ್ತು," ಎಂದು ಹೆಂಡತಿ ಬಂದವರೆದುರು ಹೇಳುತ್ತಿದ್ದರು. ಮೇಷ್ಟ್ರು ನಗುತ್ತಿದ್ದರು. ಅವರಿಗೆ ನಗು ಬೇಗ ಬರುತ್ತಿತ್ತು.

ಭಾನುವಾರ ಅಂಗಡಿ ರಜೆ. ಅವತ್ತು ಯಾವುದಾದರೊಂದು ಕಟ್ಟಡದ ಅಂಗಳದಲ್ಲಿ ಅವರ ಪಾಠ, ಬಿಟ್ಟಿ. ತಗಡಿನ ತಟ್ಟೆಗೆ ಎಣ್ಣೆ ಸುರಿದು ಬೆಂಕಿ ಹಚ್ಚುವುದು, ಜನ ಹಿಂದೆ ಸರಿದಾಗ ತಾವು ಮುಂದೆ ಹೋಗುವುದು. "ಪಿನ್ನು ಕೀಳಿ. ಬುಡಕ್ಕೆ ಗುರಿ ಇಡಿ. ಹಿಡಿ ಒತ್ತಿ. ಪೊರಕೆ ಆಡಿಸಿದ ಹಾಗೆ ಆಡಿಸಿ." ಆಮೇಲೆ ಬೆರಳೆತ್ತಿ ಹೇಳುವ ಮಾತು: "ಬೆಂಕಿ ಚಿಕ್ಕದಿದ್ದಾಗ ಓಡಬೇಡಿ. ನಿಮ್ಮ ಕೈಯಲ್ಲಿ ಇದಿದೆ."

ಆ ಭಾನುವಾರದ ಪಾಠ ಮೂರಂತಸ್ತಿನ ಒಂದು ಕಟ್ಟಡದ ಅಂಗಳದಲ್ಲಿ. ಮೊದಲ ಮಹಡಿಯಲ್ಲಿ ಬಟ್ಟೆ ಹೊಲಿಯುವ ಗಾರ್ಮೆಂಟ್ಸ್ ಇತ್ತು. ಅಲ್ಲಿ ಇಸ್ತ್ರಿ ಮೇಜಿನ ಕೆಲಸ ಮಾಡುವ ಹೆಂಗಸನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಮಿಕ್ಕವರು ಮೊಬೈಲ್ ನೋಡುತ್ತ ನಿಂತಿದ್ದರೆ ಆಕೆ ಮುಂದೆ ಬಂದು, "ನಾನೊಂದ್ಸಲ ಮಾಡ್ಲಾ ಮೇಷ್ಟ್ರೇ?" ಎಂದು ಕೇಳಿದಳು. ಮಾಡಿದಳು. ತಟ್ಟೆಯ ಬೆಂಕಿ ಒಂದೇ ಸಲಕ್ಕೆ ಆರಿತು. "ದಿನಾ ಎಂಟು ಗಂಟೆ ಇಸ್ತ್ರಿಪೆಟ್ಟಿಗೆ ಹಿಡಿಯೋ ಕೈ, ಇದೇನು ಮಹಾ ಭಾರ," ಎಂದಳು. ಎಲ್ಲರೂ ನಕ್ಕರು.

ಪಾಠ ಮುಗಿಯಿತು. ಮೇಷ್ಟ್ರು ತಂದಿದ್ದ ನಾಲ್ಕು ಸಿಲಿಂಡರೂ ಖಾಲಿ. ಆಗ ನಿವಾಸಿಗಳ ಸಂಘದ ಕಾರ್ಯದರ್ಶಿ ಮೊಬೈಲ್ ಹಿಡಿದುಕೊಂಡು ಓಡಿ ಬಂದರು.

"ಮೇಷ್ಟ್ರೇ, ಫೋಟೋ ಅಲ್ಲಾಡಿಬಿಟ್ಟಿದೆ. ಇನ್ನೊಂದ್ಸಲ ಹೊಡೀರಿ, ಎರಡೇ ಸೆಕೆಂಡು. ಪತ್ರಿಕೆಗೆ ಕಳಿಸ್ಬೇಕು."

"ಪುಡಿ ಮುಗೀತಲ್ಲ ಸ್ವಾಮಿ."

"ಮೇಲೆ ಗಾರ್ಮೆಂಟ್ಸಲ್ಲಿ ಒಂದು ನೇತಾಡ್ತಾ ಇದೆಯಲ್ಲ."

ಅದು ಮೇಷ್ಟ್ರೇ ತುಂಬಿಸಿ ಕೊಟ್ಟ ಸಿಲಿಂಡರ್. ಅದರ ತಾರೀಖು ಮುಂದಿನ ತಿಂಗಳಿಗೆ ಮುಗಿಯುತ್ತಿತ್ತು. ತಾರೀಖು ಹತ್ತಿರ ಬಂದ ಸಿಲಿಂಡರುಗಳನ್ನೇ ಪಾಠಕ್ಕೆ ಬಳಸುವುದು ಈ ಕಸುಬಿನವರ ರೂಢಿ. ಹೇಗೂ ಸುರಿದು ಹೊಸದು ತುಂಬಬೇಕು, ಸುಮ್ಮನೆ ಯಾಕೆ ಚೆಲ್ಲುವುದು ಎಂಬ ಲೆಕ್ಕ. ರೂಢಿಯಲ್ಲಿ ತಪ್ಪಿಲ್ಲ, ಅದರ ಜಾಗದಲ್ಲಿ ಬೇರೊಂದು ತುಂಬಿದ ಸಿಲಿಂಡರ್ ನೇತುಹಾಕಿದರೆ. ಮೇಷ್ಟ್ರ ಬಳಿ ಅವತ್ತು ಬೇರೆ ಇರಲಿಲ್ಲ. ಅವರು ಮೇಲೆ ಹೋಗಿ, ಇಸ್ತ್ರಿ ಮೇಜಿನ ಪಕ್ಕದ ಕೊಕ್ಕೆಯಿಂದ ಅದನ್ನು ಇಳಿಸಿಕೊಂಡು ಬಂದರು. ಎರಡು ಸಲ ಒತ್ತಿದರು. ಫೋಟೋ ಚೆನ್ನಾಗಿ ಬಂತು.

ಒತ್ತಡ ತೋರಿಸುವ ಮುಳ್ಳು ಆಗ ಇನ್ನೂ ಸರಿಯಿದೆ ಎನ್ನುವ ಹಸಿರಲ್ಲೇ ಇತ್ತು. ಮೇಷ್ಟ್ರು ಅದನ್ನು ಬೆರಳಿಂದ ತಟ್ಟಿ ನೋಡಿದರು, ಪಿನ್ನು ಸಿಕ್ಕಿಸಿದರು, ತಂದ ಕೊಕ್ಕೆಗೇ ನೇತುಹಾಕಿದರು. ಗುರುವಾರ ಆ ಕಡೆ ಬರುವುದಿತ್ತು, ಆಗ ತುಂಬಿಸಿದರಾಯಿತು. ಹಾಗೆ ಹಾಕಬಾರದು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನೂರು ಅಂಗಳಗಳಲ್ಲಿ ಅದನ್ನೇ ಹೇಳಿದ ಬಾಯಿ ಅದು.

ಮಂಗಳವಾರ ಹೊಲಿಗೆ ಯಂತ್ರದವರೆಲ್ಲ ಊಟಕ್ಕೆ ಹೋಗಿದ್ದಾಗ ಇಸ್ತ್ರಿ ಮೇಜಿನ ಕೆಳಗಿನ ನೈಲಾನ್ ರಾಶಿಗೆ ಬೆಂಕಿ ಹತ್ತಿತು. ಬಾಗಿಲು ಆರು ಹೆಜ್ಜೆ ದೂರ. ಇಸ್ತ್ರಿ ಅಕ್ಕ ಓಡಬಹುದಿತ್ತು, ಓಡಲಿಲ್ಲ. ಅವಳಿಗೆ ಪಾಠ ಬಂದಿತ್ತು. ಪಿನ್ನು ಕಿತ್ತಳು, ಬುಡಕ್ಕೆ ಗುರಿ ಇಟ್ಟಳು, ಒತ್ತಿದಳು. ಪುಸ್ ಎಂದು ಒಂದು ಹಿಡಿ ಪುಡಿ ಅವಳ ಕಾಲ ಬಳಿಯೇ ಬಿತ್ತು. ಮತ್ತೆ ಒತ್ತಿದಳು. ಮತ್ತೆ. ಹಾಗೆ ಒತ್ತುತ್ತ ನಿಂತಿದ್ದಾಗಲೇ ರಾಶಿ ಭಗ್ಗೆಂದು ಎದ್ದು ಅವಳ ತೋಳನ್ನು ಹಿಡಿಯಿತು.

ಎರಡೂ ಕೈ, ಕತ್ತು, ಎಡಗೆನ್ನೆ.

ಮಾರನೆಯ ದಿನ ಗಾರ್ಮೆಂಟ್ಸ್ ಮಾಲೀಕ ಆ ಸಿಲಿಂಡರನ್ನು ಮೇಷ್ಟ್ರ ಅಂಗಡಿಗೆ ತಂದಿಟ್ಟ. ಮೇಷ್ಟ್ರು ತಕ್ಕಡಿಗೆ ಹಾಕಿದರು. ಪುಡಿ ಬಹುಪಾಲು ಹಾಗೇ ಇತ್ತು. ಮುಳ್ಳು ಸೊನ್ನೆಗೆ ಬಿದ್ದಿತ್ತು.

"ನೋಡಿ, ಪುಡಿ ಹಾಗೇ ಇದೆ," ಎಂದ ಮಾಲೀಕ. "ಅವಳು ಸರಿಯಾಗಿ ಒತ್ತೇ ಇಲ್ಲ. ಗಾಬರಿ. ಸಿಲಿಂಡರ್ ಚೆನ್ನಾಗಿತ್ತು, ಬಳಸಿದವರದ್ದೇ ತಪ್ಪು ಅಂತ ಒಂದು ಸಾಲು ಬರೆದು ಸಹಿ ಹಾಕಿ. ವಿಮೆಯವರು ಕೇಳ್ತಾರೆ. ಇಲ್ಲಾಂದ್ರೆ ನಿಮ್ಮ ಅಂಗಡೀನೂ ಉಳಿಯಲ್ಲ, ನನ್ನದೂ ಉಳಿಯಲ್ಲ."

ಬೆದರಿಕೆ ಅಷ್ಟೇ. ಯಾರೂ ಕತ್ತು ಹಿಡಿದಿರಲಿಲ್ಲ. ಮೇಷ್ಟ್ರು ಬರೆದರು, ಸಹಿ ಹಾಕಿದರು, ಅಂಗಡಿಯ ಮೊಹರನ್ನೂ ಒತ್ತಿದರು. ಆ ಒಂದು ಸಾಲಿನಿಂದ ಇಸ್ತ್ರಿ ಅಕ್ಕನಿಗೆ ಬರಬೇಕಿದ್ದ ಪರಿಹಾರ ನಿಂತಿತು.

ಆಮೇಲೆ ಮೇಷ್ಟ್ರು ಏನು ಮಾಡಿದರು ಗೊತ್ತೇ? ಸಮಾಜಸೇವೆ.

ಸುಟ್ಟಗಾಯವಾದವರ ನೆರವಿಗೆ ನಿಧಿ ಎತ್ತೋಣ ಎಂದು ಸಂಘದಲ್ಲಿ ಮೊದಲು ಬಾಯಿಬಿಟ್ಟವರೇ ಅವರು. ಕರಪತ್ರ ಮಾಡಿಸಿದರು. ಕಾರ್ಯದರ್ಶಿ ಅದರ ಮೇಲೆ ಆ ಭಾನುವಾರದ ಫೋಟೋ ಹಾಕಿಸಿದರು, ಚೆನ್ನಾಗಿ ಬಂದಿತ್ತಲ್ಲ. ಆ ಕರಪತ್ರವನ್ನೇ ಹಿಡಿದು ಮೇಷ್ಟ್ರು ಮನೆ ಮನೆ ಹತ್ತಿಳಿದರು. ಆಸ್ಪತ್ರೆಗೆ ಹಣ್ಣು ಒಯ್ದರು. ಅಕ್ಕನ ತೊಡೆಯ ಚರ್ಮ ತೆಗೆದು ಕೈಗೆ ಹಾಕಿದ ದಿನ ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತರು. ಜನ "ದೇವರಂಥ ಮನುಷ್ಯ" ಎಂದರು. ಆ ಮಾತು ಕೇಳಿದಾಗೆಲ್ಲ ಅವರು ಕತ್ತು ಬಗ್ಗಿಸುತ್ತಿದ್ದರು. ಎಷ್ಟು ವಿನಯ ನೋಡಿ ಎಂದರು ಜನ.

ಹನ್ನೊಂದು ತಿಂಗಳಾದ ಮೇಲೆ ಸಂಘದವರು ಸಭಾಂಗಣದಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟರು. ಇಸ್ತ್ರಿ ಅಕ್ಕನೇ ವೇದಿಕೆ ಹತ್ತಿ ಮಾತಾಡಿದರೆ ಜನರ ಕೈ ಸಡಿಲವಾಗುತ್ತದೆ ಎಂದು ಕಾರ್ಯದರ್ಶಿಯ ಲೆಕ್ಕಾಚಾರ. "ನಾನು ಮಾಡಿದ ತಪ್ಪು ನೀವು ಮಾಡಬೇಡಿ" ಎಂದು ಅವಳ ಭಾಷಣವನ್ನೂ ಅವರೇ ಬರೆದುಕೊಟ್ಟರು.

ಕಾರ್ಯಕ್ರಮಕ್ಕೆ ಎರಡು ದಿನವಿದ್ದಾಗ, ಮಧ್ಯಾಹ್ನ, ಆಕೆ ಅಂಗಡಿಗೆ ಬಂದಳು. ಎರಡೂ ಕೈಗೆ ಬಿಗಿಯಾದ ಕಂದು ಗವಸು. ದಿನಕ್ಕೆ ಇಪ್ಪತ್ಮೂರು ಗಂಟೆ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಗಾಯದ ಚರ್ಮ ದಪ್ಪಗಾಗಿ ಉಬ್ಬುತ್ತದೆ. ಮೇಷ್ಟ್ರ ಹೆಂಡತಿ ಕುರ್ಚಿ ಎಳೆದುಕೊಟ್ಟರು. ಅವಳು ಕೂರಲಿಲ್ಲ.

"ಮೇಷ್ಟ್ರೇ, ಒಂದು ಖಾಲಿ ಸಿಲಿಂಡರ್ ಕೊಡಿ. ಆ ಜನರ ಎದುರು ತಪ್ಪಾಯ್ತು ಅಂತ ಹೇಳ್ಬೇಕಲ್ಲ, ಯಾವ ತಪ್ಪು ಅಂತ ನನಗೇ ಗೊತ್ತಿಲ್ಲ. ನೋಡಿ ಹೇಳಿ."

ಮಡಚದ ಬೆರಳುಗಳಿಂದ ಪಿನ್ನು ಕಿತ್ತಳು. ಎರಡು ಸಲ ಜಾರಿತು, ಮೂರನೆಯ ಸಲ ಬಂತು. ಪೈಪನ್ನು ನೆಲದತ್ತ ಹಿಡಿದಳು. ಎರಡೂ ಅಂಗೈ ಸೇರಿಸಿ ಹಿಡಿ ಒತ್ತಿದಳು. ಪೊರಕೆ ಆಡಿಸಿದಂತೆ ಆಡಿಸಿದಳು. ಅಷ್ಟು ಸರಿಯಾಗಿ ಅವರ ಯಾವ ಶಿಷ್ಯರೂ ಮಾಡಿರಲಿಲ್ಲ.

"ಇಷ್ಟೇ ಮಾಡಿದ್ದು. ಏನು ಬಿಟ್ಟೆ?"

ಮೇಷ್ಟ್ರು ಸಿಲಿಂಡರನ್ನು ಅವಳ ಕೈಯಿಂದ ತೆಗೆದುಕೊಂಡರು. "ಗಾಬರೀಲಿ ಆಗುತ್ತೆ ಬಿಡಮ್ಮ," ಎಂದರು.

"ಹೂಂ. ಹಾಗೇ ಇರ್ಬೇಕು," ಎಂದು ಅವಳು ಪಿನ್ನನ್ನು ಮೇಜಿನ ಮೇಲಿಟ್ಟು ಹೋದಳು.

ಮೊದಲ ಸುಳ್ಳು ಭಯದ್ದು ಎನ್ನಬಹುದು. ಇದಕ್ಕೆ ಯಾವ ಹೆಸರೂ ನನಗೆ ಸಿಗುತ್ತಿಲ್ಲ.

ಹೆಂಡತಿ ಪೆನ್ನು ಕೆಳಗಿಟ್ಟರು. ಪುಸ್ತಕ ಬರೆಯುವವರಿಗೆ ಯಾವ ಡಬ್ಬ ಎಲ್ಲಿಗೆ ಹೋಯಿತು, ಎಷ್ಟು ತೂಕದಲ್ಲಿ ಬಂತು ಎಂದು ಗೊತ್ತಿರುತ್ತದೆ. ಅವರಿಗೂ ಮೊದಲಿಂದ ಗೊತ್ತಿತ್ತು, ಅವರೂ ಸುಮ್ಮನಿದ್ದರು. ಅವರನ್ನೂ ನಾನು ಬಿಡುವುದಿಲ್ಲ.

"ರೀ, ಇಷ್ಟು ದಿನ ನಾನೂ ಅಂಗಡಿ ಉಳೀಲಿ ಅಂತ ಬಾಯಿ ಮುಚ್ಕೊಂಡಿದ್ದೆ," ಎಂದರು. "ಆದ್ರೆ ಆ ಕೈಲಿ ಅವಳು ಪಿನ್ನು ಕಿತ್ತದ್ದು ನೋಡಿದ್ರಾ? ನೀವು ಅವಳಿಗೆ ಹಣ್ಣು ತಗೊಂಡು ಹೋಗ್ತೀರಿ. ಅದನ್ನ ಸಿಪ್ಪೆ ಸುಲಿಯೋಕೂ ಅವಳಿಗೆ ಬೇರೆಯವರು ಬೇಕು."

"ಹೇಳಿಬಿಟ್ರೆ ಅಂಗಡಿ?"

"ಮುಚ್ಚುತ್ತೆ."

ಎರಡು ದಿನ ಆ ಮನೆಯಲ್ಲಿ ಬೇರೆ ಮಾತು ನಡೆಯಲಿಲ್ಲ. ಆ ಮಾತೂ ನಡೆಯಲಿಲ್ಲ.

ಭಾನುವಾರ ಸಭಾಂಗಣ ತುಂಬಿತ್ತು. ಮೇಷ್ಟ್ರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಇಸ್ತ್ರಿ ಅಕ್ಕ ವೇದಿಕೆ ಹತ್ತಿ ಚೀಟಿ ಬಿಡಿಸಿ ಓದತೊಡಗಿದಳು. "ಎಲ್ಲರಿಗೂ ನಮಸ್ಕಾರ. ಅವತ್ತು ನಾನು ಗಾಬರಿಯಾಗಿ, ಮೇಷ್ಟ್ರು ಹೇಳಿಕೊಟ್ಟಿದ್ದನ್ನು ಮರೆತು..."

ಮೇಷ್ಟ್ರು ಎದ್ದು ನಿಂತರು.

"ಓದಬೇಡಮ್ಮ. ಅದು ಸುಳ್ಳು."

"ಮೇಷ್ಟ್ರೇ, ಕೂತ್ಕೊಳ್ಳಿ, ನಿಮ್ಮ ಭಾಷಣ ಆಮೇಲಿದೆ," ಎಂದರು ಕಾರ್ಯದರ್ಶಿ.

"ಅವಳು ಏನೂ ಮರೆತಿರಲಿಲ್ಲ. ಆ ಸಿಲಿಂಡರನ್ನ ಫೋಟೋಗೋಸ್ಕರ ಎರಡು ದಿನ ಮುಂಚೆ ನಾನು ಒತ್ತಿದ್ದೆ. ತುಂಬಿಸದೆ ಅಲ್ಲೇ ನೇತುಹಾಕಿದೆ. ಆಮೇಲೆ ಅದು ಚೆನ್ನಾಗಿತ್ತು ಅಂತ ಬರೆದುಕೊಟ್ಟೆ."

ಕಾರ್ಯದರ್ಶಿ ಮೈಕಿನಲ್ಲಿ, "ಅವರಿಗೆ ಆಯಾಸವಾಗಿದೆ, ಯಾರಾದ್ರೂ ನೀರು ಕೊಡಿ," ಎಂದರು. ಯಾರೂ ಏಳಲಿಲ್ಲ.

ಇಸ್ತ್ರಿ ಅಕ್ಕ ಅಳಲಿಲ್ಲ, ಕೂಗಲಿಲ್ಲ. ವೇದಿಕೆಯ ಅಂಚಿಗೆ ಬಂದು ಕೇಳಿದಳು.

"ಯಾವತ್ತಿಂದ ಗೊತ್ತಿತ್ತು?"

"ಮಾರನೇ ದಿನದಿಂದ."

"ಮೊನ್ನೆ ನಾನು ಅಂಗಡಿಗೆ ಬಂದಾಗ?"

"ಆಗಲೂ ಗೊತ್ತಿತ್ತು."

"ಹನ್ನೊಂದು ತಿಂಗಳು ಹಾಸಿಗೇಲಿ ಮಲಗಿ ಮನಸ್ಸಲ್ಲೇ ಪಿನ್ನು ಕೀಳ್ತಾ ಇದ್ದೆ ಮೇಷ್ಟ್ರೇ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ನನ್ನ ಗಂಡ ಸಿಟ್ಟು ಬಂದಾಗೆಲ್ಲ ಅದನ್ನೇ ಅಂತಾನೆ, ನಿನ್ನ ಗಾಬರಿ ನಮ್ಮನ್ನ ಹಾಳು ಮಾಡ್ತು ಅಂತ."

ಮೇಷ್ಟ್ರು ಕೈಮುಗಿದರು. "ಅದೆಲ್ಲ ಆಮೇಲೆ," ಎಂದಳು ಆಕೆ. "ಮೊದಲು ಬರೆದುಕೊಡಿ. ಇಲ್ಲೇ."

ತನ್ನ ಭಾಷಣದ ಚೀಟಿಯನ್ನೇ ತಿರುಗಿಸಿ ಖಾಲಿ ಮಗ್ಗುಲು ಮೇಲೆ ಮಾಡಿ ಕೊಟ್ಟಳು. ಮೇಷ್ಟ್ರು ಮುಂದಿನ ಮೇಜಿನ ಮೇಲೆ ಬಗ್ಗಿ ಬರೆದರು. ಮುನ್ನೂರು ಜನ ಅವರ ಬೆನ್ನು ನೋಡುತ್ತಿದ್ದರು. ಬರೆದದ್ದನ್ನು ಆಕೆ ಗಟ್ಟಿಯಾಗಿ ಓದಿದಳು. ಒಂದು ಕಡೆ ತಡೆದು, "'ಅಚಾತುರ್ಯದಿಂದ' ಅನ್ನೋದು ತೆಗೀರಿ. ಗೊತ್ತಿದ್ದೂ ಅಂತ ಬರೀರಿ," ಎಂದಳು. ಅವರು ಹೊಡೆದುಹಾಕಿ ಬರೆದರು.

ಸಭೆ ಅಲ್ಲಿಗೇ ಚದುರಿತು. ಹೋಗುವಾಗ ನಾಲ್ಕೈದು ಜನ ಕೊಟ್ಟ ಲಕೋಟೆಗಳನ್ನು ವಾಪಸ್ ಕೇಳಿ ಪಡೆದರಂತೆ, ಇಂಥ ಮೋಸದ ಕಾರ್ಯಕ್ರಮಕ್ಕೆ ಕೊಡುವುದಿಲ್ಲ ಎಂದು. ಮೇಷ್ಟ್ರ ಸುಳ್ಳು ಹೊರಬಿದ್ದ ಕೂಡಲೇ ಆಕೆಯ ಬೆರಳು ಮಡಚತೊಡಗಿದವೇನು? ಆ ಮಹನೀಯರನ್ನೇ ಕೇಳಬೇಕು.

ಅಧಿಕಾರಿಗಳು ಬಂದು ಅಂಗಡಿಯನ್ನು ಆರು ತಿಂಗಳು ಮುಚ್ಚಿಸಿದರು. ಈಗ ತೆರೆದಿದೆ. ಪರಿಹಾರದ ಕಡತ ಮತ್ತೆ ಮೇಲೆ ಬಂದಿದೆ. ಮಾಲೀಕನೂ ವಿಮೆಯವರೂ ಇನ್ನೂ ಜಗ್ಗಾಡುತ್ತಿದ್ದಾರೆ, ಆದರೆ ತಪ್ಪು ಅವಳದಲ್ಲ ಎಂಬುದು ಈಗ ಕಾಗದದ ಮೇಲಿದೆ. ಇಸ್ತ್ರಿ ಅಕ್ಕ ಎದುರು ಸಿಕ್ಕಾಗ ಮೇಷ್ಟ್ರನ್ನು ಮಾತಾಡಿಸುವುದಿಲ್ಲ. ಕ್ಷಮಿಸಿದ್ದಾಳೆಂದು ನಾನು ಬರೆದರೆ ನಿಮಗೆ ಹಾಯೆನಿಸುತ್ತಿತ್ತು. ಕ್ಷಮಿಸಿಲ್ಲ. ಯಾಕೆ ಕ್ಷಮಿಸಬೇಕು?

ಮೇಷ್ಟ್ರು ಭಾನುವಾರದ ಪಾಠ ಬಿಟ್ಟರು. ಒಂದು ಕಡೆ ಕರೆದಿದ್ದರು, ಹೋಗಿ ನಿಂತರು. "ಬೆಂಕಿ ಚಿಕ್ಕದಿದ್ದಾಗ" ಎನ್ನುವವರೆಗೆ ಬಂತು, ಮುಂದಿನದು ಬಾಯಿಗೆ ಬರಲಿಲ್ಲ. ಈಗ ಪ್ರತಿ ಡಬ್ಬವನ್ನೂ ಗಿರಾಕಿಯ ಎದುರೇ ತಕ್ಕಡಿಗೆ ಹಾಕುತ್ತಾರೆ, ಮುಳ್ಳು ತೋರಿಸುತ್ತಾರೆ. ಗಿರಾಕಿಗಳು ಗೊಣಗುತ್ತಾರೆ. "ಅದೆಲ್ಲ ಬೇಡಪ್ಪ, ಟೈಮಿಲ್ಲ, ಚೀಟಿಗೆ ಸಹಿ ಹಾಕಿ ಕೊಡಿ ಸಾಕು," ಎನ್ನುತ್ತಾರೆ. ನೋಡಬೇಕಾದದ್ದನ್ನು ನೋಡದೆ ಸಹಿ ಬೇಡುವ ಈ ಗಿರಾಕಿ ಬೇರೆ ಯಾರೂ ಅಲ್ಲ, ನೀವೇ.

ನಾಳೆ ಕೆಲಸಕ್ಕೆ ಹೋದ ತಕ್ಷಣ ನಿಮ್ಮ ಗೋಡೆಯ ಮೇಲಿರುವುದನ್ನು ಕೆಳಗಿಳಿಸಿ. ಮುಳ್ಳು ಎಲ್ಲಿದೆ ನೋಡಿ. ಚೀಟಿಯ ಮೇಲೆ ಸಹಿ ಹಾಕಿದವನಿಗೆ ಫೋನ್ ಮಾಡಿ ಕರೆಸಿ, ನಿಮ್ಮ ಕಣ್ಣೆದುರೇ ತೂಕ ಹಾಕಿಸಿ. ಅವನು ಬರುವವರೆಗೂ ನಿಮ್ಮ ಮಹಡಿಯಲ್ಲಿ ಒಂದು ಇಸ್ತ್ರಿಪೆಟ್ಟಿಗೆಯೂ ಬಿಸಿಯಾಗಲು, ಒಂದು ಒಲೆಯೂ ಉರಿಯಲು ಬಿಡಬೇಡಿ.