ಬೆಲ್‌ಫಾಸ್ಟ್ ಅಜ್ಜಿಯ ಒಂದು ‘ಹೌದು’

ಕಳೆದ ಶನಿವಾರ ಮಗಳೊಂದಿಗೆ ನ್ಯೂಜೆರ್ಸಿಯ ಐಸೆಲಿನ್‌ನ ದಿನಸಿ ಅಂಗಡಿಗೆ ಹೋದಾಗ ಶಾಜೀರಿಗೆಯ ಪ್ಯಾಕೆಟ್ಟೊಂದು ಒಡೆದು ನೆಲದ ಮೇಲೆ ಚೆಲ್ಲಿತ್ತು. ಎಲ್ಲರೂ ದಾಟಿಕೊಂಡು ಹೋದರು. ನಾನು ಅಲ್ಲೇ ನಿಂತೆ. ನನ್ನ ಪಾಲಿಗೆ ಆ ಪರಿಮಳ ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯಿಂದ ಮೆಟ್ಟಿಲೇರಿ ಬರುತ್ತಿದ್ದ, ಶಾಜೀರಿಗೆ ಹಾಕಿದ ಬ್ರೆಡ್ಡಿನದು...

ಮದುವೆಯಾಗಿ ಉಡುಪಿಯಿಂದ ಬಂದ ಹೊಸತರಲ್ಲಿ ನಾವು ಇದೇ ರಾಜ್ಯದ ಕಾರ್ನಿಯಲ್ಲಿ ಮಹಡಿಮನೆ ಬಾಡಿಗೆಗೆ ಹಿಡಿದಿದ್ದೆವು. ಕೆಳಗೆ ಮನೆಯ ಯಜಮಾನಿ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಿಂದ ಬಂದ ಕ್ಯಾಥೊಲಿಕ್ ವಿಧವೆ. ನಾನು ‘ಅಜ್ಜಿ’ ಎನ್ನುತ್ತಿದ್ದೆ. ಅರ್ಥ ತಿಳಿದ ಮೇಲೆ ಅವರು ಬೇರೆ ಹೆಸರಿಗೆ ಓಗೊಡಲೇ ಇಲ್ಲ. ನಾನಾಗ ಆರು ತಿಂಗಳ ಬಸುರಿ. ಒಗೆಯುವ ಬಟ್ಟೆಯ ಬುಟ್ಟಿ ಹೊರಲು ಅಜ್ಜಿ ಬಿಡುತ್ತಿರಲಿಲ್ಲ. ತಾವೇ ಒಗೆದು, ಮಡಚಿ, ಮೆಟ್ಟಿಲ ಮೇಲೆ ಇಟ್ಟಿರುತ್ತಿದ್ದರು.

ಆ ವರ್ಷ ಗುಡ್ ಫ್ರೈಡೆಯ ದಿನ ಅವರ ಟೀವಿಯಲ್ಲಿ ಶಾಂತಿ ಒಪ್ಪಂದದ ಸುದ್ದಿ ಬಂತು. ಅವರ ಊರಿನ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ದಶಕಗಳ ಕೊಲೆ, ಬಾಂಬು ಇನ್ನು ಸಾಕೆಂದು ಒಪ್ಪಿದ್ದರು. ಸಂತೋಷದಿಂದ ಅಜ್ಜಿಯ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡು ಟೀವಿ ಆರಿಸಿದರು.

“ಒಪ್ಪಂದದ ಪ್ರಕಾರ ಜೈಲಿನಲ್ಲಿರೋರನ್ನ ಬಿಡ್ತಾರಂತೆ. ನನ್ನ ತಮ್ಮನನ್ನ ಕೊಂದವನನ್ನೂ” ಎಂದರು.

ತಮ್ಮನ ವಿಷಯ ತಿಳಿದದ್ದೇ ಆಗ. ಹಾಲಿನ ವ್ಯಾನ್ ಓಡಿಸುತ್ತಿದ್ದರಂತೆ, ಯಾವ ಗುಂಪಿಗೂ ಸೇರಿದವರಲ್ಲ. ಪ್ರಾಟೆಸ್ಟೆಂಟರ ಬೀದಿಗೂ ಹಾಲು ಹಾಕುತ್ತಿದ್ದರು. ಆ ಬೀದಿಯವನೊಬ್ಬನೇ ಗುಂಡು ಹೊಡೆದ...

ಒಪ್ಪಂದ ಜಾರಿಯಾಗಲು ಅಲ್ಲಿಯ ಜನ ವೋಟು ಹಾಕಬೇಕಿತ್ತು. ಅದಕ್ಕೆ ಒಂದು ವಾರ ಮೊದಲು ತಮ್ಮನ ಹೆಂಡತಿ ಬೆಲ್‌ಫಾಸ್ಟಿನಿಂದ ಫೋನ್ ಮಾಡಿ, ನೀವು ಹೇಳಿದ ಹಾಗೆ ಹಾಕುತ್ತೇನೆ ಎಂದರಂತೆ. ಅಜ್ಜಿ ಯೋಚಿಸಲು ಸಮಯ ಕೇಳಿ ಫೋನಿಟ್ಟರು. ಆ ಭಾನುವಾರ ಬ್ರೆಡ್ ಮಾಡಲಿಲ್ಲ. ನನ್ನನ್ನು ಕರೆದು, “ನೀನು ಎರಡೂ ಕಡೆಯವಳಲ್ಲ. ನೀನೇ ಹೇಳು ಮಗೂ” ಎಂದರು.

ನಾನು ಏನೋ ನೆಪ ಹೇಳಿ ಮೇಲೆ ಬಂದೆ. ಗಂಡನಿಗೆ ಹೇಳಿದರೆ, “ನೀನು ಇನ್‌ವಾಲ್ವ್ ಆಗ್ಬೇಡ ಮಾರಾಯ್ತಿ, ಅದು ಅವ್ರ ಫ್ಯಾಮಿಲಿ ಮ್ಯಾಟರ್” ಎಂದುಬಿಟ್ಟರು.

ವೋಟಿನ ಹಿಂದಿನ ದಿನ ನಾನು ಕೆಳಗಿಳಿದಾಗ ಅಜ್ಜಿ ಫೋನಿನಲ್ಲಿದ್ದರು. ನನ್ನನ್ನೇ ನೋಡುತ್ತ ಹೇಳಿದರು: “ಹೌದು ಅಂತಲೇ ಹಾಕು. ನಿನ್ನ ಮೊಮ್ಮಕ್ಕಳು ಆ ಬೀದಿಯಲ್ಲಿ ನಡೀಬೇಕು. ಆದ್ರೆ ಅವನು ಹೊರಗೆ ಬಂದ ದಿನ ನನಗೆ ಹೇಳಬೇಡ.” ಆಮೇಲೆ ಫೋನಿಟ್ಟು, ನನಗೆ ಬೆನ್ನು ಮಾಡಿ ಒಲೆ ಒರೆಸತೊಡಗಿದರು. ಹತ್ತಿರ ಹೋಗಬೇಕಿತ್ತು... ಹೋಗಲಿಲ್ಲ.

ಮಗಳು ಹುಟ್ಟಿದಳು. ನಾವು ಮನೆ ಬದಲಿಸಿ ಬಾಸ್ಕಿಂಗ್ ರಿಡ್ಜ್‌ಗೆ ಬಂದೆವು. ಕೆಲವು ವರ್ಷ ಕ್ರಿಸ್‌ಮಸ್ ಕಾರ್ಡು, ಆಮೇಲೆ ಅದೂ ಇಲ್ಲ. ಅಜ್ಜಿ ತೀರಿಕೊಂಡಾಗ ಚರ್ಚಿನಲ್ಲಿ, ಬೆಲ್‌ಫಾಸ್ಟಿನಿಂದ ಬಂದಿದ್ದ ಆ ತಮ್ಮನ ಹೆಂಡತಿಯನ್ನು ಮೊದಲ ಸಲ ಕಂಡೆ. ಆ ಕೊಲೆಗಾರ ಬಿಡುಗಡೆಯಾದದ್ದು ಅಜ್ಜಿಗೆ ಕೊನೆಗೂ ಗೊತ್ತಾಗಲಿಲ್ಲವೇ ಎಂದು ಕೇಳಿದೆ.

“ಅವರೇ ಫೋನ್ ಮಾಡಿ ಕೇಳಿದ್ರು, ಬಂದನಾ ಅಂತ. ಬಂದ ಅಂದೆ. ಅವನ ತಾಯಿ ಇನ್ನೂ ಇದ್ದಾಳಾ ಅಂದ್ರು. ಇದ್ದಾಳೆ ಅಂದೆ. ‘ಸದ್ಯ’ ಅಂದ್ರು.”

ಶನಿವಾರ ಕಾರಿನಲ್ಲಿ ಮರಳುವಾಗ ಮಗಳಿಗೆ ಇದನ್ನೆಲ್ಲ ಹೇಳಿದೆ. “ಐ ವಿಶ್ ಐ ಹ್ಯಾಡ್ ಮೆಟ್ ಹರ್” ಎಂದಳು.

“ನೋಡಿದ್ದೀ ಮಗಾ. ಆಸ್ಪತ್ರೆಯಿಂದ ಬಂದ ದಿನ ನಿನ್ನನ್ನ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದು ಅವರೇ.”

ಅಂದು ಅವರನ್ನು ಕೂರಿಸಿ ಒಂದು ಲೋಟ ಕಾಫಿಯಾದರೂ ಕೊಟ್ಟೆನೋ ಇಲ್ಲವೋ... ನೆನಪಾಗುತ್ತಿಲ್ಲ. ಕೇಳೋಣವೆಂದರೆ ಅವರಿಲ್ಲ.