ಬಿಸಿ ಕಪಾಟಿನಲ್ಲಿಟ್ಟ ಡಬ್ಬಿ

ವಿಲಾಯತಿಯಲ್ಲಿ, ಕಿಂಗ್ಸ್‌ಬರಿಯ ನಮ್ಮ ಮನೆಯಲ್ಲಿ ಮಹಡಿಯ ಕಪಾಟಿನ ಬಾಗಿಲು ಒಡೆದವಳು ನಾನೇ. ಲಟ್ಟಣಿಗೆಯಿಂದ ಮೂರು ಏಟು. ಅವು ಬೀಳಬೇಕಾಗಿದ್ದುದು ಗಂಡನ ತಲೆಯ ಮೇಲೆ, ಅವರು ತಪ್ಪಿಸಿಕೊಂಡರು.

ತೊಂಬತ್ತರ ದಶಕದ ಕೊನೆಯದು ಈ ಮಾತು. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿರಲಿಲ್ಲ. ಆಸ್ಪತ್ರೆಯವರು ಐಯುಐ ಮಾಡುತ್ತಿದ್ದರು. ಗಂಡನ ವೀರ್ಯವನ್ನು ತೊಳೆದು, ಚುರುಕಾದ ಕಣಗಳನ್ನು ಆರಿಸಿ, ನನ್ನಲ್ಲಿ ಅಂಡ ಬಿಡುಗಡೆಯಾಗುವ ಹೊತ್ತಿಗೆ ತೆಳ್ಳನೆಯ ನಳಿಕೆಯಿಂದ ಗರ್ಭಕೋಶಕ್ಕೆ ಬಿಡುವುದು. ನಮಗೆ ಮೂರೇ ಸಲದ ಅವಕಾಶ, ಎರಡು ಸೋತಿದ್ದವು. ದೋಷ ಗಂಡನದು. ಧಾರವಾಡದಿಂದ ಬಂದು ನಮ್ಮೊಡನಿದ್ದ ಅತ್ತೆಗೆ ಮಾತ್ರ ಅವರು ಅದನ್ನು ಹೇಳಿರಲಿಲ್ಲ. ಶುಕ್ರವಾರ ಮನೆಗೆ ಬಂದ ಮುತ್ತೈದೆಯರಿಗೆ ಉಡಿ ತುಂಬುವಾಗ ಅತ್ತೆ ನನ್ನನ್ನು ಬಂಜೆಯೆಂದು ಅಡುಗೆಮನೆಗೆ ಅಟ್ಟುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದೆ.

ಮೂರನೆಯ ಸಲದ ಬೆಳಿಗ್ಗೆ, ಮನೆಯಲ್ಲೇ ಹಿಡಿದ ವೀರ್ಯದ ಡಬ್ಬಿಯನ್ನು ಬೆಚ್ಚಗಿಟ್ಟುಕೊಂಡು ಒಂದು ತಾಸಿನೊಳಗೆ ಆಸ್ಪತ್ರೆಗೆ ತಲುಪಿಸಬೇಕಿತ್ತು. ಬೂಟು ಹಾಕಿಕೊಳ್ಳುವಷ್ಟರಲ್ಲಿ ಆರಿಬಿಟ್ಟೀತೆಂದು ಗಂಡ ಅದನ್ನು ಬಿಸಿನೀರಿನ ಟ್ಯಾಂಕಿದ್ದ ಮಹಡಿಯ ಕಪಾಟಿನಲ್ಲಿಟ್ಟರು. ಅತ್ತೆಯ ಮಡಿ ಸೀರೆ ಒಣಗುತ್ತಿದ್ದದ್ದೂ ಅಲ್ಲೇ. ಸ್ನಾನ ಮಾಡಿ ಬಂದ ಅತ್ತೆ ಕೋಲಿನಿಂದ ಸೀರೆ ಎಳೆದರು. ಡಬ್ಬಿ ಕಣ್ಣಿಗೆ ಬಿತ್ತು. ಅದೇ ಕೋಲಿನಿಂದ ಹೊಡೆದು ಕೆಡವಿದರು. ಮುಚ್ಚಳ ಹಾರಿ, ಒಳಗಿದ್ದದ್ದು ಕಾರ್ಪೆಟ್ಟಿನ ಮೇಲೆ ಚೆಲ್ಲಿಹೋಯಿತು.

"ನನ್ನ ಮಡಿ ಅರಬಿ ನಡುವ ಇದೇನ ಹೊಲಸು?"

ಗಂಡ ಓಡಿ ಬಂದರು. ನನ್ನ ಮುಖವನ್ನೂ ನೋಡದೆ, "ಅವ್ವಾ, ಅದು ಇಕಿ ಔಷಧ. ಇಕಿನ ಇಟ್ಟಾಳ" ಎಂದರು.

ಅತ್ತೆಯ ಕೋಲು ನನ್ನ ಭುಜಕ್ಕೆ ಬಿತ್ತು, ಮತ್ತೆ ಬೆನ್ನಿಗೆ. ನನಗೆ ನೋವಾಗಲಿಲ್ಲ, ಕೊಲ್ಲಬೇಕೆನ್ನಿಸಿತು. ಕೆಳಗೋಡಿ ಲಟ್ಟಣಿಗೆ ತಂದೆ. ಬಾಗಿಲು ಸೀಳಿದ ಮೇಲೆ ಅರಚಿದೆ.

"ಔಷಧ ಅಲ್ರೀ ಅತ್ತಿ! ನಿಮ್ಮ ಮಗನ ಬೀಜ ಅದು. ದೋಷ ಇರೋದು ಅವರೊಳಗ. ಏಳು ವರ್ಷ ನನಗ ಬಂಜಿ ಅಂದ್ರಿ!"

ಅತ್ತೆ ಮಗನತ್ತ ತಿರುಗಿದರು. ಗಂಡ ತಮ್ಮ ಬೂಟು ನೋಡುತ್ತಿದ್ದರು. ಅಷ್ಟು ಸಾಕಾಯಿತು. ಕೋಲು ಮುರಿಯುವವರೆಗೂ ಅತ್ತೆ ಮಗನನ್ನು ಬಡಿದರು. ನಾನು ಬಿಡಿಸಲಿಲ್ಲ. ನಿಜ ಹೇಳಬೇಕೆಂದರೆ ಖುಷಿಪಟ್ಟೆ.

ಆಮೇಲೆ ಅತ್ತೆ ನೆಲಕ್ಕೆ ಕೂತು, ಮಡಿಯನ್ನೆಲ್ಲ ಮರೆತು, ಬರಿಗೈಯಿಂದ ಕಾರ್ಪೆಟ್ಟನ್ನು ಬಳಿದು ಬಳಿದು ಡಬ್ಬಿಗೆ ತುಂಬತೊಡಗಿದರು.

"ನಡೀ, ಲಗೂನ ಒಯ್ಯಿ. ಇನ್ನೂ ಬೆಚ್ಚಗದ" ಎಂದು ಡಬ್ಬಿಯನ್ನು ನನ್ನ ಉಡಿಗೆ ಹಾಕಿದರು. ಅದರಲ್ಲಿ ಕಾರ್ಪೆಟ್ಟಿನ ನೂಲು ಬಿಟ್ಟರೆ ಬೇರೇನೂ ಇರಲಿಲ್ಲ.