ಬೇಡ ಅನ್ನಿಸಿಕೊಳ್ಳಲು ಹೋದ ಏಳು ಎಸ್ಟೇಟುಗಳು

ಆ ವರ್ಷ ಕಾಫಿ ಒಣಗಿಸುವ ಕಾಲದಲ್ಲಿ ನಾನು ಏಳು ಎಸ್ಟೇಟುಗಳಲ್ಲಿ ಊಟ ಮಾಡಿದೆ. ಏಳೂ ಕಡೆ ನನ್ನ ಕೆಲಸಕ್ಕೆ ಒಪ್ಪಿಗೆ ಸಿಕ್ಕಿದೆ ಎಂದು ನಂಬಿದ್ದೆ. ಈಗ ಡೈರಿ ತೆಗೆದು ನೋಡಿದರೆ ಒಪ್ಪಿಗೆಯ ಮಾತು ಒಂದು ಪುಟದಲ್ಲೂ ಇಲ್ಲ. ಅಕ್ಕಿರೊಟ್ಟಿ ಇದೆ, ಕಡುಬು ಇದೆ, "ಹೊರಡುವಾಗ ಇನ್ನೊಮ್ಮೆ ಬನ್ನಿ ಅಂದರು" ಎಂದು ಮೂರು ಕಡೆ ಇದೆ. ಅಷ್ಟೇ.

ನನ್ನ ಕೆಲಸವೆಂದರೆ ಒಂದು ಕೋಲು. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿಯೊಳಗೆ ಅದನ್ನು ಚುಚ್ಚಿ ನಿಲ್ಲಿಸಬೇಕು. ಅಲ್ಲಿಂದ ಹೊರಟ ವೈರ್ ಕಣದ ಅಂಚಿನ ಪೆಟ್ಟಿಗೆಗೆ ಸೇರುತ್ತದೆ, ಪೆಟ್ಟಿಗೆ ತೇವಾಂಶ ಎಷ್ಟಿದೆ ಎಂದು ತೋರಿಸುತ್ತದೆ. ಸರಿಯಾಗಿ ಒಣಗದೆ ಮೂಟೆ ಕಟ್ಟಿದರೆ ಕಾಫಿಗೆ ಬೂಷ್ಟು ಹಿಡಿಯುತ್ತದೆ, ಅತಿಯಾಗಿ ಒಣಗಿದರೆ ತೂಕ ಹೋಗುತ್ತದೆ. ವಿಶ್ವವಿದ್ಯಾಲಯದಲ್ಲಿ ಇಂಥ ಉಪಕರಣಗಳ ಬಗ್ಗೆಯೇ ಓದಿದ್ದ ನಾನು, ಕೊಟ್ಟಿಗೆಹಾರದ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂರು ಕೋಲು ಮಾಡಿದ್ದೆ. ಮುಂದಿನ ಕೊಯ್ಲಿಗೆ ಐವತ್ತು ಮಾಡಲಾಗದಿದ್ದರೆ ಬಿಟ್ಟುಬಂದ ಕಾಲೇಜಿನ ಕೆಲಸಕ್ಕೆ ವಾಪಸ್ ಹೋಗುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಐವತ್ತು ಮಾಡುವ ಬಂಡವಾಳ ನನ್ನಲ್ಲಿರಲಿಲ್ಲ.

ಚಿಕ್ಕಮಗಳೂರಿನಲ್ಲಿ ಕೆಲವು ಬೆಳೆಗಾರರೂ ವ್ಯಾಪಾರಿಗಳೂ ಸೇರಿ ಹೊಸ ಕಂಪನಿಗಳಿಗೆ ಹಣ ಹಾಕುವ ಒಂದು ಗುಂಪು ಮಾಡಿಕೊಂಡಿದ್ದರು. ಏಂಜಲ್ ಇನ್ವೆಸ್ಟರ್ ಎಂಬ ಹೆಸರು ಕೇಳಿ ಅವರ ಮನೆಯವರೇ ನಗುತ್ತಿದ್ದರಂತೆ. ಅಲ್ಲಿ ಒಂದು ಕ್ರಮವಿತ್ತು. ಅರ್ಜಿ ಹಾಕಿದವರ ಜೊತೆ ಒಬ್ಬ ಸದಸ್ಯರು ಕೆಲವು ತಿಂಗಳು ಓಡಾಡಬೇಕು. ಆಮೇಲೆ ಅವರೇ ಕರೆತಂದರೆ ಮಾತ್ರ ಉಳಿದವರು ಕೂತು ಕೇಳುತ್ತಾರೆ. ನನ್ನ ಪಾಲಿಗೆ ಬಂದವರು ಬಣಕಲ್ ಹತ್ತಿರ ವರ್ಷಗಳಿಂದ ಒಬ್ಬರೇ ತೋಟ ನಡೆಸಿಕೊಂಡು ಬಂದಿದ್ದ ಒಬ್ಬ ಹೆಂಗಸು. ಮೇಡಂ ಅಂದರೆ ಅವರಿಗೆ ಆಗುತ್ತಿರಲಿಲ್ಲ. ಅಕ್ಕ ಎಂದು ಕರೆದೆ.

ಮೊದಲ ದಿನವೇ ನನ್ನ ಪಟ್ಟಿ ತೋರಿಸಿದೆ. ಏಳು ಎಸ್ಟೇಟುಗಳ ಎದುರಿಗೂ ಹಸಿರು ಗುರುತು ಹಾಕಿದ್ದೆ.

"ಈ ಏಳು ಜನ ಏನಂದ್ರು?"

"ನೋಡೋಣ ಅಂದ್ರು ಅಕ್ಕ. ಎಲ್ರೂ ಊಟಕ್ಕೆ ಕೂರ್ಸಿದ್ರು."

"ನಮ್ಮಲ್ಲಿ ಕರೆಂಟ್ ಬಿಲ್ ಕೊಡೋಕೆ ಬಂದೋನಿಗೂ ಊಟ ಹಾಕ್ತೀವಿ ಮಾರಾಯ್ತಿ. ಮನೆಗೆ ಬಂದೋರ ಮುಖಕ್ಕೆ ಬೇಡ ಅನ್ನೋಕೆ ಬಾಯಿ ಬರಲ್ಲ ನಮಗೆ. ಅದಕ್ಕೇ ರೊಟ್ಟಿ ಹಾಕಿ ಕಳಿಸ್ತೀವಿ."

"ಹಾಗಾದ್ರೆ ಏನ್ ಮಾಡ್ಲಿ?"

"ವಾಪಸ್ ಹೋಗು. ಬೇಡ ಅನ್ನಿಸ್ಕೊಂಡು ಬಾ. ಯಾಕೆ ಬೇಡ ಅಂತ ಬರ್ಕೊಂಡು ಬಾ. ಊಟ ಮಾತ್ರ ಮಾಡ್ಬೇಡ."

ಈ ಮಾತು ಅವರ ಜಗಲಿಯಲ್ಲಿ ಕೂತು ಆಡಿದ್ದು ಎಂದು ನನ್ನ ನೆನಪು. ಪಕ್ಕದಲ್ಲಿ ಒಂದು ನಾಯಿಯೂ ಮಲಗಿದೆ. ಡೈರಿಯ ಪ್ರಕಾರ ಆ ದಿನ ನಾವು ಅವರ ಜೀಪಿನಲ್ಲಿದ್ದೆವು. ನಾಯಿಯನ್ನು ಎಲ್ಲಿಂದ ತಂದೆನೋ ಗೊತ್ತಿಲ್ಲ. ಮಾತು ಮಾತ್ರ ಎರಡರಲ್ಲೂ ಒಂದೇ.

ಅತ್ತಿಗುಂಡಿಯ ಎಸ್ಟೇಟಿಗೆ ಮೊದಲು ಹೋದೆ. ಅಲ್ಲಿನ ಹಿರಿಯ ಬೆಳೆಗಾರರು ನನ್ನನ್ನು ಕಂಡವರೇ ಒಳಗೆ ಕಾಫಿಗೆ ಹೇಳಿದರು.

"ಕಾಫಿ ಆಮೇಲೆ ಸರ್," ಎಂದೆ. "ನೀವು ಈ ಕೋಲು ತಗೊಳ್ಳಲ್ಲ ಅನ್ಸುತ್ತೆ. ಯಾಕೆ ಅಂತ ಹೇಳಿದ್ರೆ ಉಪಕಾರ ಆಗುತ್ತೆ."

"ಬೇಡ ಅಂತ ಯಾರಂದ್ರು? ಕೂತ್ಕೊಳಿ."

ನಾನು ಕೂರಲಿಲ್ಲ. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಎದ್ದು ನನ್ನನ್ನು ಕಣಕ್ಕೆ ಕರೆದುಕೊಂಡು ಹೋಗಿ, ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯನ್ನು ಕರೆದರು. "ನೀನೇ ಹೇಳಪ್ಪ ಇವ್ರಿಗೆ. ನನ್ ಕೈಲಿ ಆಗಲ್ಲ."

ಮೇಸ್ತ್ರಿ ಕಣದ ನಾಲ್ಕು ಮೂಲೆಗೂ ನಡೆದು ಒಂದೊಂದು ಕಾಳು ಬಾಯಿಗೆ ಹಾಕಿ ಕಚ್ಚಿದ. "ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ, ನಿಮ್ ಕೋಲು ಒಣಗಿದೆ ಅನ್ನುತ್ತೆ. ಆ ಕಡೆ ಸಿಲ್ವರ್ ಮರದ ನೆರಳು, ಅಲ್ಲಿನ್ನೂ ಹಸಿ. ನನ್ ಹಲ್ಲು ನಾಲ್ಕು ಕಡೆ ಹೋಗುತ್ತೆ ಮೇಡಂ. ನಿಮ್ ಕೋಲು ನೆಟ್ಟಲ್ಲೇ ನಿಂತಿರುತ್ತೆ."

"ಅವತ್ತೇ ಹೇಳೋಣ ಅಂತಿದ್ದೆ," ಎಂದರು ಬೆಳೆಗಾರರು. "ಅಷ್ಟು ಓದಿರೋರಿಗೆ ಹೇಗೆ ಹೇಳೋದು ಅಂತ ಸಂಕೋಚ ಆಯ್ತು."

ಕೋಲು ಸರಿ ಇದೆ, ಕಣ ಎಲ್ಲ ಕಡೆ ಒಂದೇ ಥರ ಇಲ್ಲ. ಇದು ಪ್ರಯೋಗಾಲಯದಲ್ಲಿ ಒಂದು ಡಬ್ಬಿ ಕಾಫಿ ಇಟ್ಟುಕೊಂಡು ಕೂತವಳಿಗೆ ಹೊಳೆಯುವಂಥದ್ದಲ್ಲ. ಉಳಿದ ಕಡೆಯೂ ಕಾರಣಗಳು ಸಿಕ್ಕವು. ಕಾಫಿ ಎಳೆದು ಹರಡುವ ಹಲಗೆಗೆ ವೈರ್ ಸಿಕ್ಕಿಕೊಳ್ಳುತ್ತದೆ. ಬಿಸಿಲಿನಲ್ಲಿ ಪೆಟ್ಟಿಗೆಯ ಅಂಕಿ ಕಾಣುವುದಿಲ್ಲ. ಒಬ್ಬರಂತೂ ಕಾರಣ ಹೇಳಲೇ ಇಲ್ಲ, ಊಟ ಹಾಕಿದರು. ನಾನೂ ಮಾಡಿದೆ. ಅದನ್ನು ಅಕ್ಕನಿಗೆ ಹೇಳಲಿಲ್ಲ.

ವೈರ್ ತೆಗೆದುಹಾಕಿದೆ. ಕೈಯಲ್ಲಿ ಹಿಡಿದು ನಡೆಯುವಂತೆ ಮಾಡಿದೆ. ಈಗ ನಾಲ್ಕು ಕಡೆ ಚುಚ್ಚುವ ತನಕ ಕೋಲು ಉತ್ತರ ಕೊಡುವುದಿಲ್ಲ. ಅದರ ಅಂಕಿಯನ್ನು ಯಾವುದರ ಜೊತೆ ಹೋಲಿಸಿ ನೋಡುವುದು ಎಂದು ಯೋಚಿಸುತ್ತಿದ್ದಾಗ ಅಕ್ಕ ತಮಗೆ ಪರಿಚಯವಿದ್ದ ಕ್ಯೂರಿಂಗ್ ವರ್ಕ್ಸಿನ ಮ್ಯಾನೇಜರಿಗೆ ಫೋನ್ ಮಾಡಿದರು. ಎಸ್ಟೇಟುಗಳಿಂದ ಬಂದ ಕಾಫಿಯನ್ನು ಸಿಪ್ಪೆ ತೆಗೆದು ವಿಂಗಡಿಸುವ ಜಾಗ ಅದು. ಎರಡು ವಾರ ತೇವಾಂಶ ಅಳೆಯುವ ಅವರ ಯಂತ್ರದ ಪಕ್ಕದಲ್ಲೇ ನನ್ನ ಕೋಲಿಗೂ ಜಾಗ ಸಿಕ್ಕಿತು. ಆ ಫೋನ್ ಇಲ್ಲದಿದ್ದರೆ ಗೇಟಿನವನೇ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ.

ಮಳೆ ಹಿಡಿಯುವ ಮುಂಚೆ ಗುಂಪು ಸೇರಿತು. ಅಂದು ಅಕ್ಕ ನನ್ನನ್ನು ಬಾಯ್ತುಂಬ ಹೊಗಳಿದರು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅದೇ ಸಂಜೆ ನಾನು ಬರೆದದ್ದು ಬೇರೆ.

"ಇದು ನಡೆಯುತ್ತೆ ಅಂತ ನಾನು ಹೇಳಲ್ಲ," ಎಂದಿದ್ದರು ಅಕ್ಕ. "ನಮ್ ಕಣದಲ್ಲಿ ಚುಚ್ಚಿ ನೋಡಿದಾಗ ಈ ಕೋಲು ಮೊದಲನೇ ಸಲ ಸುಳ್ಳೇ ಹೇಳಿತ್ತು. ತಪ್ಪು ತೋರ್ಸಿದ್ರೆ ಈ ಹುಡುಗಿ ಮುಖ ಊದಿಸ್ಕೊಳ್ತಾಳೆ. ಆದ್ರೆ ವಾರದೊಳಗೆ ಸರಿ ಮಾಡ್ಕೊಂಡು ಬರ್ತಾಳೆ. ಬೇಡ ಅಂದೋರ ಕಾರಣ ಅವಳೇ ಓದ್ತಾಳೆ, ಕೇಳಿ."

ನನಗೆ ಕೋಪ ಬಂದಿತ್ತು. ಪುಟದಲ್ಲಿ ಪೆನ್ನು ಒತ್ತಿದ ಗುರುತು ಈಗಲೂ ಇದೆ. ಆದರೂ ಎದ್ದು ನಿಂತು ಓದಿದೆ. ದನಿ ನಡುಗಲಿಲ್ಲ ಎಂದು ಬರೆದುಕೊಂಡಿದ್ದೇನೆ, ಅದನ್ನು ಮಾತ್ರ ಪೂರ್ತಿ ನಂಬಲಾರೆ.

"ಅಲ್ಲ ಅಕ್ಕಾವ್ರೇ," ಎಂದರು ಒಬ್ಬ ವ್ಯಾಪಾರಿ, "ಮಾರೋಕೆ ಬಂದೋರು ತಮ್ ಮಾಲನ್ನೇ ಹೀಗೆ ಬೈಯೋದು ನಾನೆಲ್ಲೂ ಕಂಡಿಲ್ಲ."

ನೆರಳಿನ ಮಾತು ಬಂದಾಗ ಒಬ್ಬ ಬೆಳೆಗಾರರು ತಮ್ಮ ಕಣದ ಹಸಿ ಮೂಲೆಯ ಕಥೆ ತೆಗೆದರು. ಇನ್ನೊಬ್ಬರು ತಮ್ಮದು ಅದಕ್ಕಿಂತ ಕಡೆ ಎಂದರು. ಅರ್ಧ ಗಂಟೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಲ್ಲಿದ್ದವರೆಲ್ಲ ಕೋಲು ತಮ್ಮದೇ ಎಂಬಂತೆ ಅದನ್ನು ಎಲ್ಲೆಲ್ಲಿ ಚುಚ್ಚಬೇಕು ಎಂದು ವಾದಿಸುತ್ತಿದ್ದರು. ಕೊನೆಗೆ ವ್ಯಾಪಾರಿಯೇ, "ಐವತ್ತು ಆಗ್ಲಿ ಬಿಡಿ, ನೋಡೇಬಿಡೋಣ," ಎಂದರು. ಯಾರೂ ಅಲ್ಲಗಳೆಯಲಿಲ್ಲ. ಬಂಡವಾಳ ಅವರದು, ಎರಡು ವರ್ಷ ನನ್ನ ಜೊತೆ ನಿಲ್ಲುವ ಹೊಣೆ ಅಕ್ಕನದು ಎಂದು ತೀರ್ಮಾನವಾಯಿತು.

ಕೊಯ್ಲಿಗೆ ಐವತ್ತೂ ತಯಾರಾದವು. ಅಪ್ಪ ಕಾಲೇಜಿನ ಮಾತು ಎತ್ತಲಿಲ್ಲ. ಗುಂಪಿನವರೊಬ್ಬರ ನೆಂಟರ ಮೂಲಕ ಒಂದು ಕೋಲು ಕಳಸದ ಕಡೆಗೂ ಹೋಗಿತ್ತು. ಅದನ್ನು ನೋಡಲು ಒಂದು ದಿನ ಆ ಎಸ್ಟೇಟಿಗೆ ಹೋದೆ. ಕಣದಲ್ಲಿ ಒಬ್ಬ ಹೆಂಗಸು ನಾಲ್ಕು ಮೂಲೆಗೂ ನಡೆದು ಕೋಲು ಚುಚ್ಚುತ್ತಿದ್ದಳು. ನಾನು ಹತ್ತಿರ ಹೋದೆ.

"ಅಮ್ಮಾ, ಕಾಲು ಆ ಕಡೆ ಇಡಿ. ಕಾಫಿ ಮೇಲೆ ನಿಂತಿದೀರಿ."

ಹಿಂದೆ ಸರಿದೆ. ಸುಮ್ಮನಿದ್ದು ಬರಬೇಕಿತ್ತು, ಆಗಲಿಲ್ಲ. "ಆ ಕೋಲು ನಾನೇ ಮಾಡಿದ್ದು," ಎಂದೆ.

ಅವಳು ನನ್ನನ್ನೊಮ್ಮೆ, ಕೋಲನ್ನೊಮ್ಮೆ ನೋಡಿದಳು. "ಹೌದಾ? ಹಾಗಾದ್ರೆ ಹಿಡಿ ಒಂಚೂರು ದಪ್ಪ ಮಾಡಿ. ಕೈ ಬೆವರಿದ್ರೆ ಜಾರುತ್ತೆ."

ಅಷ್ಟು ಹೊಗಳಿಕೆ ನನಗೆ ಅಂದಿನವರೆಗೆ ಯಾರಿಂದಲೂ ಸಿಕ್ಕಿರಲಿಲ್ಲ ಅನ್ನಿಸಿತು. ಚೀಲದಿಂದ ಡೈರಿ ತೆಗೆದು, ಅವಳ ಎದುರಿಗೇ ಬರೆದುಕೊಂಡೆ.